ಕರಿಕಲ್ಲಿನ ಸಾಲು: ಗುಡ್ಡದ ಎಷ್ಟು ಭಾಗವನ್ನು ಉಳಿಸಿಕೊಳ್ಳಬೇಕೆಂದು ಊರೊಂದು ತೀರ್ಮಾನಿಸಿದ ಪ್ರಕರಣ

ಇಲ್ಲಿ ವಿವರಿಸಿರುವ ಗುಡ್ಡ ಕರ್ನಾಟಕದ ಪೂರ್ವ ಭಾಗದ ಬಯಲುಸೀಮೆಯ ಒಂದು ತಾಲ್ಲೂಕಿನಲ್ಲಿದೆ. ಊರು, ತಾಲ್ಲೂಕು, ಸಂಸ್ಥೆ ಮತ್ತು ವ್ಯಕ್ತಿಗಳ ಹೆಸರುಗಳನ್ನು ಬಿಡಲಾಗಿದೆ. ಗುರುತು ಹಿಡಿಯಲು ಅನುವಾಗುವ ಕೆಲವು ವಿವರಗಳನ್ನು ಬದಲಿಸಲಾಗಿದೆ. ಸಂಬಂಧಪಟ್ಟವರ ಖಾಸಗಿತನ ಕಾಯುವುದು ಇದಕ್ಕೆ ಒಂದು ಕಾರಣವಾದರೆ, ಶಿಲಾಯುಗದ ನೆಲೆಯ ಜಾಡನ್ನು ಊರಿಗೆಲ್ಲ ಸಾರಿದರೆ ಏನಾಗುತ್ತದೆ ಎಂಬುದನ್ನು ಈ ಪ್ರಕರಣದಲ್ಲೇ ಕಂಡದ್ದು ಇನ್ನೊಂದು ಕಾರಣ. ಆ ಸಂಗತಿ ಮುಂದೆ ಬರುತ್ತದೆ.

ಹಿನ್ನೆಲೆ

ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಆ ಹೆಸರನ್ನೇ ಹೊತ್ತ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂಬ ಶಿಲಾಪಟ್ಟಿ ರಾಜ್ಯದ ಪೂರ್ವದ ಮಗ್ಗುಲಲ್ಲಿ ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಹಬ್ಬಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಶಿಲಾಪಾಕವು ನಿಧಾನವಾಗಿ ತಣಿದು ಗಟ್ಟಿಯಾದ ಈ ಕಲ್ಲು, ಮೇಲಿನ ಪದರಗಳೆಲ್ಲ ಸವೆದುಹೋದ ಬಳಿಕ ಹೊರಗೆ ಕಾಣಿಸಿಕೊಂಡಿತು. ಮೇಲಿನ ಭಾರ ಇಳಿದಾಗ ಬಂಡೆ ಪದರು ಪದರಾಗಿ ಬಿಟ್ಟುಕೊಂಡಿತು. ಬಿರುಕುಗಳಲ್ಲಿ ಇಳಿದ ನೀರು ಮೂಲೆಗಳನ್ನು ಬೇಗ ಕೊಳೆಸಿ, ನಡುಭಾಗವನ್ನು ಉರುಟಾಗಿ ಉಳಿಸಿತು. ನಮ್ಮ ಬಯಲುಸೀಮೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಗುಂಡುಗಳು ಹುಟ್ಟಿದ್ದು ಹೀಗೆ.

ಈ ಬಗೆಯ ಕಲ್ಲುಗಳ ನಡುವೆ ಬದುಕಿದವರು ಅವನ್ನು ಸುಮ್ಮನೆ ನೋಡುತ್ತ ಕೂತವರಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಕೊರೆದದ್ದು ಬಂಡೆಗಳ ಮೇಲೆಯೇ. ಹಂಪಿಯ ಗುಡಿಗಳಿಗೆ ಕಲ್ಲು ಸೀಳಿದವರು ಬಿಟ್ಟುಹೋದ ಸಾಲು ರಂಧ್ರಗಳು ಅಲ್ಲಿನ ಬಂಡೆಗಳಲ್ಲಿ ಇಂದಿಗೂ ಕಾಣುತ್ತವೆ. ಬಳ್ಳಾರಿ ಸಮೀಪದ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಡಾಲರೈಟ್ ಎಂಬ ಕರಿಕಲ್ಲನ್ನು ಒಡೆದು, ಕುಟ್ಟಿ, ಉಜ್ಜಿ ಕೊಡಲಿಗಳನ್ನು ಮಾಡುತ್ತಿದ್ದರು. ಅಲ್ಲೇ ಪಕ್ಕದ ಕಪ್ಪಗಲ್ಲಿನಲ್ಲಿ ಬಡಿದರೆ ಗಂಟೆಯಂತೆ ದನಿಗೊಡುವ ಕಲ್ಲುಗಳಿವೆ, ಕೊರೆದ ಗೂಳಿಗಳ ಚಿತ್ರಗಳಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ನೆಲೆಗಳನ್ನು ಮೊದಲು ದಾಖಲಿಸಿದವರಲ್ಲಿ ಒಬ್ಬರಾದ ರಾಬರ್ಟ್ ಬ್ರೂಸ್ ಫೂಟ್ ವೃತ್ತಿಯಿಂದ ಭೂವಿಜ್ಞಾನಿ ಎಂಬುದನ್ನು ನೆನೆಯಬೇಕು. ಕಲ್ಲಿನ ಚರಿತ್ರೆಯನ್ನೂ ಮನುಷ್ಯರ ಚರಿತ್ರೆಯನ್ನೂ ಬೇರೆ ಬೇರೆ ಇಲಾಖೆಗಳಿಗೆ ಹಂಚಿಕೊಟ್ಟದ್ದು ಆಮೇಲಿನ ಬೆಳವಣಿಗೆ. ಅದರ ತೊಡಕನ್ನು ಈ ಪ್ರಕರಣ ಚೆನ್ನಾಗಿ ತೋರಿಸುತ್ತದೆ.

ನಾವು ಕೆಲಸ ಮಾಡಿದ ಗುಡ್ಡ ಇವುಗಳಷ್ಟು ಹೆಸರಾದುದಲ್ಲ. ಅದರ ಪಶ್ಚಿಮಕ್ಕೆ ವಿಶಾಲವಾದ ಹಾಸುಬಂಡೆ. ಅದರ ಮೇಲೆ ಬಿದ್ದ ಮಳೆನೀರು ಹರಿದು ಕೆಳಗಿನ ಕೆರೆಗೆ ಸೇರುತ್ತದೆ. ಬಂಡೆಯ ತಗ್ಗುಗಳಲ್ಲಿ ಎರಡು ದೊಣೆಗಳಿವೆ, ಬೇಸಿಗೆಯ ನಡುವಿನವರೆಗೂ ಕುರಿಗಳಿಗೆ ನೀರು ಒದಗಿಸುವಂಥವು. ದಕ್ಷಿಣದ ಇಳಿಜಾರಿನಲ್ಲಿ ಗುಂಡುಗಳ ರಾಶಿ. ಅಲ್ಲಿ ಕೆಲವು ಕುಟುಂಬಗಳು ತಲೆಮಾರುಗಳಿಂದ ಉಳಿ, ಸುತ್ತಿಗೆ ಹಿಡಿದು ಚಪ್ಪಡಿ ಮತ್ತು ಸೈಜುಗಲ್ಲು ತೆಗೆಯುತ್ತ ಬಂದಿವೆ. ಪೂರ್ವದ ಕಡೆ ಬೋಳು ಗ್ರಾನೈಟ್. ಇವೆಲ್ಲವನ್ನು ಸೀಳಿಕೊಂಡು ಗುಡ್ಡದ ಒಂದು ತುದಿಯಿಂದ ಇನ್ನೊಂದಕ್ಕೆ ಕಪ್ಪು ಬಂಡೆಗಳ ಒಂದು ಸಾಲು ಓಡುತ್ತದೆ. ಊರವರು ಅದನ್ನು ಕರಿಕಲ್ಲಿನ ಸಾಲು ಎನ್ನುತ್ತಾರೆ. ಭೂವಿಜ್ಞಾನದ ಪ್ರಕಾರ ಅದು ಡಾಲರೈಟ್ ಡೈಕ್: ಗ್ರಾನೈಟ್ ಗಟ್ಟಿಯಾದ ಮೇಲೆ ಅದರ ಬಿರುಕಿನೊಳಗೆ ಕೆಳಗಿನಿಂದ ನುಗ್ಗಿ ಹೆಪ್ಪುಗಟ್ಟಿದ ಬೇರೊಂದು ಶಿಲಾಪಾಕ. ಈ ಡೈಕ್‌ನ ವಯಸ್ಸನ್ನು ಯಾರೂ ಪ್ರತ್ಯೇಕವಾಗಿ ಅಳೆದಿಲ್ಲ. ಈ ಸೀಮೆಯ ಇಂಥ ಡೈಕ್‌ಗಳ ಒಂದು ದೊಡ್ಡ ಗುಂಪು ಸುಮಾರು 237 ಕೋಟಿ ವರ್ಷ ಹಿಂದಿನದು.

ಸಮಸ್ಯೆ

ಗುಡ್ಡದ ಪೂರ್ವ ಮತ್ತು ಉತ್ತರದ ಭಾಗದಲ್ಲಿ ಕಟ್ಟಡ ಕಲ್ಲಿನ ಕ್ವಾರಿ ನಡೆಸಲು, ಬುಡದಲ್ಲಿ ಜಲ್ಲಿ ಕ್ರಷರ್ ಹಾಕಲು ಗುತ್ತಿಗೆ ಕೋರಿ ಅರ್ಜಿ ಸಲ್ಲಿಕೆಯಾಯಿತು. ಅರ್ಜಿಯಲ್ಲಿ ಕಾನೂನಿಗೆ ವಿರುದ್ಧವಾದದ್ದು ಏನೂ ಇರಲಿಲ್ಲ. ಪಹಣಿಯಲ್ಲಿ ಇಡೀ ಗುಡ್ಡ ಖರಾಬು ಎಂದು ದಾಖಲಾಗಿತ್ತು. ಅರಣ್ಯ ಇಲಾಖೆಯ ಜಾಗವಲ್ಲ, ಸಂರಕ್ಷಿತ ಸ್ಮಾರಕವೂ ಇಲ್ಲ. ಸ್ಥಳ ಪರಿಶೀಲನೆಗೆ ಬಂದವರ ವರದಿಯಲ್ಲಿ ‘ಗಿಡಮರಗಳಿಲ್ಲದ ಕಲ್ಲುಗುಡ್ಡ’ ಎಂಬ ವಿವರಣೆಗಿಂತ ಹೆಚ್ಚಿನದು ಇರಲಿಲ್ಲ, ಮತ್ತು ಅದು ಸುಳ್ಳೂ ಅಲ್ಲ.

ಊರಿನಲ್ಲಿ ಒಮ್ಮತ ಇರಲಿಲ್ಲ. ಟ್ರ್ಯಾಕ್ಟರ್, ಲಾರಿ ಇದ್ದವರು ಕ್ವಾರಿ ಬರಲಿ ಎಂದರು. ಕೆರೆಯ ಅಚ್ಚುಕಟ್ಟಿನ ರೈತರು ದೂಳಿಗೂ ಸಿಡಿತಕ್ಕೂ ಹೆದರಿದರು. ಕುರಿಗಾಹಿಗಳನ್ನು ಮೊದಮೊದಲು ಯಾರೂ ಕೇಳಲೇ ಇಲ್ಲ. ಕಲ್ಲು ಕೆಲಸದ ಕುಟುಂಬಗಳ ಸ್ಥಿತಿ ಎಲ್ಲರಿಗಿಂತ ಇಕ್ಕಟ್ಟಿನದು: ಯಂತ್ರದ ಕ್ವಾರಿ ಬಂದರೆ ಕೈಕಸುಬು ಹೋಗುತ್ತದೆ, ಗುಡ್ಡಕ್ಕೆ ಸಂರಕ್ಷಣೆಯ ಬೇಲಿ ಬಿದ್ದರೂ ಹೋಗುತ್ತದೆ. ವಿರೋಧ ಸಂಘಟಿಸಿದ್ದು ಊರಿನ ಒಂದು ಯುವಕ ಸಂಘ. ಅವರು ಹತ್ತಿರದ ಪದವಿ ಕಾಲೇಜಿನ ಭೂವಿಜ್ಞಾನ ವಿಭಾಗದ ನೆರವು ಕೇಳಿದರು. ಅಲ್ಲಿಂದ ನಮ್ಮ ಸಣ್ಣ ತಂಡ ಈ ಕೆಲಸಕ್ಕೆ ಸೇರಿಕೊಂಡಿತು.

ಮೊದಲ ಪ್ರಯತ್ನಗಳು

ಸಂಘದವರು ಮೊದಲು ಹಿಡಿದ ವಾದ ಕಲ್ಲಿನ ವಯಸ್ಸಿನದು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆಯಲ್ಲ, ಹಾಗೆಯೇ ಈ ಗುಡ್ಡವನ್ನೂ ಗುರುತಿಸಲಿ ಎಂಬುದು ಅವರ ಮನವಿ. ಈ ವಾದ ನಿಲ್ಲುವುದು ಕಷ್ಟವೆಂದು ಶುರುವಿನಿಂದಲೂ ಅನ್ನಿಸಿತ್ತು. ಕರ್ನಾಟಕದಲ್ಲಿ ಆ ಮನ್ನಣೆ ಪಡೆದ ತಾಣಗಳು ನಾಲ್ಕು: ಲಾಲ್‌ಬಾಗಿನ ಪರ್ಯಾಯದ್ವೀಪ ನೈಸ್ ಶಿಲೆ (ಶಾಖ, ಒತ್ತಡಕ್ಕೆ ಸಿಕ್ಕಿ ಪಟ್ಟೆಪಟ್ಟೆಯಾದ ಕಲ್ಲು), ಮಲ್ಪೆಯ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಕೋಲಾರ ಸೀಮೆಯ ಪೆದ್ದಪಲ್ಲಿಯ ಜ್ವಾಲಾಮುಖಿಜನ್ಯ ಶಿಲೆ. ಒಂದೊಂದೂ ಒಂದು ವಿಶಿಷ್ಟ ಘಟನೆಗೆ ಸಾಕ್ಷಿ. ಮರಡಿಹಳ್ಳಿಯ ದಿಂಬುಗಳನ್ನು ನೋಡಿದರೆ ಇಂದಿನ ಒಣನೆಲದಲ್ಲಿ ಒಂದು ಕಾಲಕ್ಕೆ ನೀರಿನಡಿ ಲಾವಾ ಹರಿದಿತ್ತೆಂದು ತಿಳಿಯುತ್ತದೆ. ಸೇಂಟ್ ಮೇರೀಸ್‌ನ ಕಂಬಗಳು ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದವು. ಗ್ರಾನೈಟ್ ಗುಡ್ಡಕ್ಕೆ ಡೈಕ್ ನುಗ್ಗಿದ ನೋಟ ಬಯಲುಸೀಮೆಯಲ್ಲಿ ಹೋಬಳಿಗೊಂದು ಸಿಗುತ್ತದೆ. ಮನವಿಗೆ ಬಂದ ಉತ್ತರವೂ ಸೌಜನ್ಯದ ಮಾತಿನಲ್ಲಿ ಇದನ್ನೇ ಹೇಳಿತ್ತು.

ಇನ್ನೊಂದು ತೊಡಕೂ ಇತ್ತು. ಈ ಮನ್ನಣೆಗೆ ಶಾಸನಬದ್ಧ ರಕ್ಷಣೆಯ ಬಲ ಇಲ್ಲ. ಭೂಪರಂಪರೆಯ ತಾಣಗಳಿಗೆಂದೇ ಒಂದು ಮಸೂದೆಯ ಕರಡನ್ನು ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಸಾರ್ವಜನಿಕ ಅಭಿಪ್ರಾಯಕ್ಕೆ ಬಿಟ್ಟಿತ್ತು. ಕರಡನ್ನು ತೋರಿಸಿ ಕ್ವಾರಿ ಅರ್ಜಿಯೊಂದನ್ನು ತಡೆಯಲಾಗುವುದಿಲ್ಲ.

ಎರಡನೆಯ ಪ್ರಯತ್ನ ಪುರಾತತ್ವದ ದಾರಿಯದು. ಕರಿಕಲ್ಲಿನ ಸಾಲಿನ ಬುಡದಲ್ಲಿ ಒಡೆದ ಚಕ್ಕೆಗಳು ಹರಡಿಬಿದ್ದಿದ್ದವು. ಅರ್ಧಕ್ಕೆ ಬಿಟ್ಟ ಕೊಡಲಿಯ ಆಕಾರಗಳೂ ಕೆಲವು ಸಿಕ್ಕವು. ತುಸು ದೂರದ ಗ್ರಾನೈಟ್ ಬಂಡೆಯ ಮೇಲೆ ದೋಣಿಯಾಕಾರದ ನುಣುಪು ತಗ್ಗುಗಳಿವೆ. ಅಂಗೈ ಇಟ್ಟು ಸವರಿದರೆ ಸುತ್ತಲಿನ ಒರಟು ಮೈಗೂ ಅದಕ್ಕೂ ಇರುವ ವ್ಯತ್ಯಾಸ ಕಣ್ಣು ಮುಚ್ಚಿಕೊಂಡಿದ್ದರೂ ತಿಳಿಯುತ್ತದೆ: ಕೊಡಲಿಯ ಬಾಯನ್ನು ಮತ್ತೆ ಮತ್ತೆ ಉಜ್ಜಿ ಉಜ್ಜಿ ಆದ ತಗ್ಗುಗಳು ಅವು. ಪಕ್ಕದಲ್ಲೇ ಒಂದು ದೊಡ್ಡ ಕರಿಗುಂಡು, ಮೈತುಂಬ ಬಟ್ಟಲಿನಂಥ ಕುಳಿಗಳು. ಕುಳಿಯ ಜಾಗಕ್ಕೇ ಕಲ್ಲಿನಿಂದ ಬಡಿದರೆ ಕಂಚಿನ ದನಿ ಬರುತ್ತದೆ. ಜಾತ್ರೆಯ ದಿನ ಗುಡಿಗೆ ಹತ್ತುವ ಮಕ್ಕಳು ಇವತ್ತಿಗೂ ಅದನ್ನು ಬಡಿದೇ ಮುಂದೆ ಹೋಗುತ್ತಾರೆ. ಪುರಾತತ್ವದ ಅಧಿಕಾರಿಗಳು ಬಂದು ನೋಡಿದರು, ಮೆಚ್ಚಿದರು, ನೆಲೆಯನ್ನು ದಾಖಲಿಸಿಕೊಂಡರು. ಆದರೆ ನೆಲದ ಮೇಲೆ ಚೆದುರಿದ ಚಕ್ಕೆಗಳ ಆಧಾರದಿಂದ ಇಡೀ ಗುಡ್ಡವನ್ನು ಸಂರಕ್ಷಿತವೆಂದು ಘೋಷಿಸುವ ಪ್ರಸ್ತಾವ ಕಳಿಸಲು ಅವರು ಒಪ್ಪಲಿಲ್ಲ. ಕಲ್ಲು ಒಬ್ಬರ ವಿಷಯ, ಕಲ್ಲಿನ ಮೇಲಿನ ಗುರುತು ಇನ್ನೊಬ್ಬರ ವಿಷಯ, ಕಲ್ಲಿನಡಿಯ ನೀರು ಮತ್ತೊಬ್ಬರದು. ಪ್ರತಿ ಕಚೇರಿಯೂ ತನ್ನ ಪಾಲಿನ ಮಟ್ಟಿಗೆ ಸರಿಯಾಗಿಯೇ ಉತ್ತರ ಕೊಟ್ಟಿತ್ತು.

ತಿರುವು

ಪ್ರಕರಣ ಬೇರೆ ಹಾದಿ ಹಿಡಿದದ್ದು ಬಾವಿಗಳಿಂದ. ಡೈಕ್‌ನ ಅಂಚನ್ನು ನಕ್ಷೆಯಲ್ಲಿ ಗುರುತಿಸಲು ಗುಡ್ಡದಿಂದ ಇಳಿದು ಹೊಲಗಳಲ್ಲಿ ಅದರ ಜಾಡು ಹಿಡಿದು ಹೋಗುತ್ತಿದ್ದಾಗ ಜೊತೆಗಿದ್ದ ಹಿರಿಯ ರೈತರೊಬ್ಬರು ಒಂದು ಮಾತು ಹೇಳಿದರು: ಊರಿನ ಹಳೆಯ ತೆರೆದ ಬಾವಿಗಳೆಲ್ಲ ಈ ಸಾಲಿನ ಮೇಲ್ಗಡೆಗೇ ಇವೆ, ಕೆಳಗಡೆ ತೋಡಿದವರಿಗೆ ನೀರು ಸಿಕ್ಕಿದ್ದು ಕಡಿಮೆ. ಗಟ್ಟಿಶಿಲೆಯ ಪ್ರದೇಶದಲ್ಲಿ ಅಂತರ್ಜಲ ಇರುವುದು ಕೊಳೆತ ಮೇಲ್ಪದರ ಮತ್ತು ಬಿರುಕುಗಳಲ್ಲಿ ಮಾತ್ರ. ಬಿರುಕು ಕಡಿಮೆಯಿರುವ ಡೈಕ್ ಅಡ್ಡ ನಿಂತರೆ ಅದು ನೆಲದೊಳಗಿನ ಕಟ್ಟೆಯಂತೆ ನೀರನ್ನು ಮೇಲ್ಗಡೆಗೆ ತಡೆದು ನಿಲ್ಲಿಸಬಲ್ಲದು. ಎಲ್ಲ ಡೈಕ್‌ಗಳೂ ಹೀಗೆ ತಡೆಯುವುದಿಲ್ಲ. ಚೆನ್ನಾಗಿ ಬಿರುಕುಬಿಟ್ಟ ಡೈಕ್ ನೀರನ್ನು ತಡೆಯುವ ಬದಲು ಸಾಗಿಸುವುದೂ ಉಂಟು. ಆದ್ದರಿಂದ ಬಾವಿ ಬಾವಿಗೂ ಹೋಗಿ, ನೀರಿನ ಮಟ್ಟ ನೋಡಿ, ಕೊಳವೆಬಾವಿ ಕೊರೆಸಿದವರನ್ನು ವಿಚಾರಿಸಿ ನಕ್ಷೆಗೆ ಸೇರಿಸಿದೆವು. ರೈತರ ಮಾತು ಬಹುಮಟ್ಟಿಗೆ ಸರಿಯಾಗಿತ್ತು.

ಅಲ್ಲಿಯವರೆಗೆ ನಾವು ಗುಡ್ಡದ ಗಡಿಯನ್ನೇ ತಾಣದ ಗಡಿ ಎಂದುಕೊಂಡು ವಾದಿಸುತ್ತಿದ್ದೆವು. ಈ ನಕ್ಷೆ ಎದುರಿಗೆ ಬಂದಾಗ ಮೂರು ಸಂಗತಿಗಳು ಒಂದೇ ಗೆರೆಯ ಮೇಲೆ ಬಂದವು: ಕೊಡಲಿ ಮಾಡಿದವರು ಕಲ್ಲು ಆಯ್ದುಕೊಂಡದ್ದು, ದನಿಗೊಡುವ ಕಲ್ಲು ನಿಂತದ್ದು, ಬಾವಿಗಳ ನೀರು ತಡೆದದ್ದು, ಎಲ್ಲವೂ ಕರಿಕಲ್ಲಿನ ಸಾಲಿನಿಂದ. ಅದಕ್ಕೆ ಕಾರಣವೂ ಶಿಲೆಯಲ್ಲೇ ಇದೆ. ಡೈಕ್‌ನ ಅಂಚಿನಲ್ಲಿ, ಬಿಸಿ ಶಿಲಾಪಾಕ ತಣ್ಣನೆಯ ಗ್ರಾನೈಟಿಗೆ ತಗುಲಿದ ಕಡೆ, ಹರಳು ಬೆಳೆಯಲು ವ್ಯವಧಾನ ಸಿಗದೆ ಕಲ್ಲು ತೀರ ನಯವಾಗಿ ಹೆಪ್ಪುಗಟ್ಟಿರುತ್ತದೆ. ಬೆರಳಿಟ್ಟು ತೋರಿಸಬಹುದಾದ ಆ ಗೆರೆಯಲ್ಲಿ ಒಂದು ಬದಿಗೆ ಕಾಳುಕಾಳಾದ ಗುಲಾಬಿ ಗ್ರಾನೈಟ್, ಇನ್ನೊಂದು ಬದಿಗೆ ಹರಳೇ ಕಾಣದ ಕರಿಕಲ್ಲು. ಒಡೆದರೆ ಚೂಪಾದ ಅಂಚು ಕೊಡುವುದು, ಬಿರುಕಿಲ್ಲದೆ ಗಟ್ಟಿಯಾಗಿ ಉಳಿಯುವುದು ಇಂಥ ನಯವಾದ ಕಲ್ಲೇ. ಶಾಲಾ ಮಕ್ಕಳಿಗೆ ಕೋಟಿ ವರ್ಷಗಳ ಲೆಕ್ಕಕ್ಕಿಂತ ಈ ಗೆರೆಯೇ ಬೇಗ ಅರ್ಥವಾಗುತ್ತಿತ್ತು ಎಂಬುದನ್ನೂ ಇಲ್ಲಿ ಹೇಳಬಹುದು.

ಗಡಿ ಎಳೆದ ಬಗೆ

ಹಾಗಾದರೆ ಕೇಳಬೇಕಾದ್ದು ಇಡೀ ಗುಡ್ಡವನ್ನೋ, ಗುಡ್ಡದ ಒಂದು ಭಾಗವನ್ನೋ? ಸಂಘದ ಹುಡುಗರು ಇಡೀ ಗುಡ್ಡವೇ ಬೇಕೆಂದರು. ಭಾಗ ಮಾಡಿ ಕೇಳಿದರೆ ಉಳಿದದ್ದನ್ನು ನಾವೇ ಬಿಟ್ಟುಕೊಟ್ಟಂತೆ ಎಂಬ ಅವರ ಅಂಜಿಕೆಯಲ್ಲಿ ಹುರುಳಿತ್ತು. ಇದಕ್ಕೆ ಎದುರು ನಿಂತವರು ಕಲ್ಲು ಕೆಲಸದ ಕುಟುಂಬಗಳ ಹಿರಿಯರು. ಇಡೀ ಗುಡ್ಡಕ್ಕೆ ರಕ್ಷಣೆ ಎಂದಾದರೆ ಮೊದಲು ಹಿಡಿದು ದಂಡ ಹಾಕುವುದು ಉಳಿ ಹಿಡಿದವನಿಗೆ, ಯಂತ್ರ ತಂದವನಿಗಲ್ಲ ಎಂದು ಅವರು ಸಭೆಯಲ್ಲಿ ಸ್ಪಷ್ಟವಾಗಿ ಹೇಳಿದರು. ಬೇರೆ ಕಡೆ ನಡೆದದ್ದನ್ನು ಬಲ್ಲವರು ಈ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಕಲ್ಲನ್ನು ನೋಡಿಯೇ ಅದು ಯಾವ ದಿಕ್ಕಿಗೆ ಸೀಳುತ್ತದೆಂದು ಹೇಳಬಲ್ಲ ಅವರ ತಿಳಿವಳಿಕೆಯೂ ಈ ಭೂಪರಂಪರೆಯ ಭಾಗವೇ ಎಂದು ಒಪ್ಪಿದರೆ, ಅವರನ್ನು ಹೊರಗಿಟ್ಟು ಎಳೆದ ಗಡಿಗೆ ಅರ್ಥ ಉಳಿಯುವುದಿಲ್ಲ.

ಕೊನೆಗೆ ಆದ ತೀರ್ಮಾನ ಯಾರಿಗೂ ಪೂರ್ತಿ ಹಿಡಿಸಿದ್ದಲ್ಲ. ಕರಿಕಲ್ಲಿನ ಸಾಲು ಮತ್ತು ಅದರ ಎರಡೂ ಬದಿಯ ಒಂದಷ್ಟು ಅಗಲ, ಕೆರೆಗೆ ನೀರು ಹರಿಸುವ ಹಾಸುಬಂಡೆ, ದೊಣೆಗಳು, ಉಜ್ಜುಗುಳಿಗಳ ಬಂಡೆ ಇವಿಷ್ಟರಲ್ಲಿ ಯಾವ ಬಗೆಯ ಕಲ್ಲು ತೆಗೆಯುವಿಕೆಯೂ ಸಲ್ಲದು. ದಕ್ಷಿಣದ ಗುಂಡುಗಳಲ್ಲಿ ಮದ್ದು ಸಿಡಿಸದೆ ಕೈಯಿಂದ ಮಾಡುವ ಕೆಲಸ ಹಿಂದಿನಂತೆ ನಡೆಯಲಿ. ಪೂರ್ವದ ಬೋಳು ಗ್ರಾನೈಟಿನ ಬಗ್ಗೆ ಆಕ್ಷೇಪವಿಲ್ಲ, ಆದರೆ ಸಾಲಿನ ಹತ್ತಿರ ಸಿಡಿತ ಬೇಡ. ಪೂರ್ವ ಭಾಗವನ್ನು ಬಿಟ್ಟುಕೊಡುವ ವಾಕ್ಯವನ್ನು ನಿರ್ಣಯದಲ್ಲಿ ಬರೆಯುವಾಗ ಸಭೆಯಲ್ಲಿ ದನಿಗಳು ಏರಿದವು. ಇಬ್ಬರು ಎದ್ದು ಹೋದರು. ಈ ಲೇಖಕನ ಅಭಿಪ್ರಾಯದಲ್ಲಿ ಇಡೀ ಪ್ರಕರಣದ ಮುಖ್ಯ ನಿರ್ಧಾರ ಅದೇ. ಎಲ್ಲವನ್ನೂ ಕೇಳಿದ ಮನವಿಯನ್ನು ಭಾವನಾತ್ಮಕವೆಂದು ಬದಿಗಿಡುವುದು ಸುಲಭ; ಇಷ್ಟು ಕೊಡಬಹುದು, ಇಷ್ಟು ಕೊಡಲಾಗದು, ಕಾರಣ ಇಂತಿಂಥದ್ದು ಎಂದು ಸರ್ವೆ ನಂಬರಿನ ನಕ್ಷೆಯ ಮೇಲೆ ತೋರಿಸಿದ ಗ್ರಾಮಸಭೆಯ ನಿರ್ಣಯಕ್ಕೆ ಅಧಿಕಾರಿಗಳು ಉತ್ತರ ಕೊಡಲೇಬೇಕಾಗುತ್ತದೆ.

ಹಾಗೆಯೇ ಆಯಿತು. ಜಂಟಿ ಸ್ಥಳ ಪರಿಶೀಲನೆಯಲ್ಲಿ ನೀರಿನ ವಿಷಯವೇ ಹೆಚ್ಚು ಚರ್ಚೆಗೆ ಬಂತು. ಕೊಡಲಿ, ದನಿಗಲ್ಲುಗಳ ಮಾತು ಟಿಪ್ಪಣಿಯ ಕೊನೆಗೆ ಸೇರಿತು. ಉತ್ತರದ ಭಾಗವನ್ನು ಕೈಬಿಟ್ಟು, ಪೂರ್ವದಲ್ಲಿ ಮಾತ್ರ, ಸಾಲಿನಿಂದ ಅಂತರವಿಟ್ಟು ಗುತ್ತಿಗೆ ಮಂಜೂರಾಯಿತು. ಕ್ರಷರ್ ಜಾಗ ಕೆರೆಯಿಂದ ದೂರಕ್ಕೆ ಸರಿಯಿತು.

ಆಮೇಲೆ

ಪೂರ್ವದ ನೆತ್ತಿ ಈಗ ಇಲ್ಲ. ಊರಿಗೆ ಬರುವ ರಸ್ತೆಯಿಂದ ಕಾಣುತ್ತಿದ್ದ ಗುಡ್ಡದ ಆಕಾರವೇ ಬದಲಾಗಿದೆ. ಬಿಟ್ಟುಕೊಟ್ಟದ್ದರಲ್ಲಿ ನೋಟವೂ ಸೇರಿತ್ತು ಎಂಬುದು ನಕ್ಷೆ ಬರೆಯುವಾಗ ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಬಾವಿಗಳ ನೀರಿನಲ್ಲಿ ಇದುವರೆಗೆ ಗುರುತಿಸುವಂಥ ವ್ಯತ್ಯಾಸ ಆಗಿಲ್ಲ. ಮಳೆ ಚೆನ್ನಾಗಿ ಆದ ವರ್ಷಗಳಲ್ಲಿ ಇದನ್ನು ಹೇಳುವುದು ಸುಲಭ. ಬರಗಾಲದ ಒಂದು ಬೇಸಿಗೆ ಕಳೆಯುವವರೆಗೆ ಇದನ್ನು ಗೆಲುವೆಂದು ಬರೆಯಲಾಗದು.

ಅನಿರೀಕ್ಷಿತವಾದ ಪೆಟ್ಟು ಬಿದ್ದದ್ದು ಪ್ರಚಾರದಿಂದ. ಗುಡ್ಡ ಉಳಿಯಿತೆಂಬ ಸಂಭ್ರಮದಲ್ಲಿ ನೆಲೆಯ ಫೋಟೊಗಳು ದಾರಿಯ ವಿವರದ ಸಮೇತ ಮೊಬೈಲುಗಳಲ್ಲಿ ಹರಿದಾಡಿದವು. ಕೆಲವೇ ವಾರಗಳಲ್ಲಿ ದನಿಗಲ್ಲಿನ ಬುಡವನ್ನು ರಾತ್ರಿ ಹೊತ್ತು ಅಗೆದಿದ್ದರು. ಕುಳಿಗಳಿರುವ ಕಲ್ಲು, ಹಳೆಯ ಗುರುತು ಎಂದರೆ ಅದರಡಿ ನಿಧಿ ಇದ್ದೇ ಇರುತ್ತದೆಂಬ ನಂಬಿಕೆ ನಮ್ಮ ಕಡೆ ಎಷ್ಟು ಗುಡಿಗಳ ವಿಗ್ರಹಗಳನ್ನು ಕಿತ್ತಿದೆಯೆಂದು ಗೊತ್ತಿದ್ದವರಿಗೆ ಇದು ಆಶ್ಚರ್ಯದ ಸಂಗತಿಯಲ್ಲ. ಅಗೆದ ಗುಂಡಿಯಲ್ಲಿ ಚಕ್ಕೆಗಳ ಪದರು ಕಲಸಿಹೋಗಿತ್ತು. ಮುಂದೆಂದಾದರೂ ಉತ್ಖನನ ನಡೆದರೆ ಆ ಭಾಗದಿಂದ ತಿಳಿಯುವುದು ಏನೂ ಇರುವುದಿಲ್ಲ. ಅದೇ ಹೊತ್ತಿಗೆ ಯಾರೋ ಉತ್ಸಾಹಿಗಳು ಉಜ್ಜುಗುಳಿಗಳ ಬಂಡೆಗೆ ದಾರಿ ತೋರಿಸಲು ಬಂಡೆಯ ಮೇಲೆಯೇ ಎನಾಮಲ್ ಪೇಂಟಿನಿಂದ ಬಾಣದ ಗುರುತು ಬರೆದರು. ಅದನ್ನು ಕೆರೆದು ತೆಗೆಯಬೇಡಿ, ಬಿಸಿಲಿಗೆ ಮಾಸಲಿ ಎಂದು ಹೇಳುವುದಕ್ಕೇ ಒಂದು ಸಭೆ ಕರೆಯಬೇಕಾಯಿತು.

ಆಮೇಲಿನ ಏರ್ಪಾಡುಗಳು ಹೀಗಿವೆ. ನೆಲೆಯ ನಿಖರ ಜಾಗವನ್ನು ಬರಹದಲ್ಲಾಗಲಿ ಫೋಟೊದಲ್ಲಾಗಲಿ ಹೊರಗೆ ಕೊಡುವುದಿಲ್ಲ. ನೋಡಬಯಸುವವರು ಪಂಚಾಯಿತಿಗೆ ತಿಳಿಸಿ, ಊರಿನವರೊಬ್ಬರ ಜೊತೆಯಲ್ಲಿ ಹೋಗಬೇಕು. ಕರೆದೊಯ್ಯುವವರಲ್ಲಿ ಹೆಚ್ಚಿನವರು ಕುರಿಗಾಹಿಗಳು ಮತ್ತು ಕಲ್ಲು ಕೆಲಸದವರು, ಏಕೆಂದರೆ ಹಗಲಿಡೀ ಗುಡ್ಡದ ಮೇಲೆ ಇರುವವರು ಅವರೇ, ಅಪರಿಚಿತರ ಹೆಜ್ಜೆ ಮೊದಲು ಗೊತ್ತಾಗುವುದೂ ಅವರಿಗೆ. ದೊಣೆಗಳ ಹೂಳನ್ನು ಬೇಸಿಗೆಯಲ್ಲಿ ಕೈಯಿಂದ ತೆಗೆಯುತ್ತಾರೆ; ಅದಕ್ಕೆ ಸಿಮೆಂಟ್ ಕಟ್ಟೆ ಕಟ್ಟಿಸಲು ಬಂದ ಅನುದಾನದ ಪ್ರಸ್ತಾವವನ್ನು ಗ್ರಾಮಸಭೆ ತಿರಸ್ಕರಿಸಿತು. ಅನುದಾನವೊಂದನ್ನು ಹಿಂದಕ್ಕೆ ಕಳಿಸುವುದು ಯಾವ ಪಂಚಾಯಿತಿಗೂ ಸಲೀಸಾದ ಕೆಲಸವಲ್ಲ ಎಂಬುದನ್ನು ಬಲ್ಲವರು ಬಲ್ಲರು.

ಗ್ರಾಮಸಭೆಯ ನಿರ್ಣಯಕ್ಕೆ ಮುಂದಿನ ಚುನಾಯಿತ ಮಂಡಳಿ ಬದ್ಧವಾಗಿರಬೇಕೆಂದು ಒತ್ತಾಯಿಸುವ ದಾರಿ ಇಲ್ಲವೆಂದು ತಿಳಿದಾಗ, ದೊಣೆ, ಹಾಸುಬಂಡೆ ಮತ್ತು ಅವನ್ನು ಆಶ್ರಯಿಸಿದ ಸಸ್ಯ, ಪ್ರಾಣಿಗಳ ವಿವರವನ್ನು 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿ ಇಡಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸಲಾಯಿತು. ಇದೇ ಕಾಯ್ದೆಯ ಬಲದಿಂದ ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪಿಗೆ 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣದ ಮನ್ನಣೆ ಸಿಕ್ಕಿತ್ತು. ಕಲ್ಲಿಗೆ ಕಾನೂನಿಲ್ಲದ ಕಡೆ ಕಲ್ಲನ್ನು ನೆಚ್ಚಿದ ಜೀವಗಳ ಕಾನೂನನ್ನು ಹಿಡಿಯುವ ಯೋಚನೆ ಅಲ್ಲಿಂದ ಬಂತು. ಇದು ಸುತ್ತುಬಳಸಿನ ದಾರಿ, ಸಂಶಯವಿಲ್ಲ. ಕರಿಕಲ್ಲಿನ ಸಾಲಿಗೆ ಪಹಣಿಯಲ್ಲಿ ಒಂದು ಷರಾ ಬರೆಸುವ ಅರ್ಜಿ ತಹಸೀಲ್ದಾರರ ಕಚೇರಿಯಲ್ಲಿ ಇನ್ನೂ ಬಾಕಿಯಿದೆ. ಪೂರ್ವದ ಕ್ವಾರಿಯ ಗುತ್ತಿಗೆ ನವೀಕರಣಕ್ಕೆ ಬರುವ ಮುಂಚೆ ಅದು ಇತ್ಯರ್ಥವಾಗಬೇಕೆಂದು ಊರವರು ಓಡಾಡುತ್ತಿದ್ದಾರೆ, ಮತ್ತು ನವೀಕರಣದ ಹೊತ್ತಿಗೆ ತೋರಿಸಲೆಂದು ಬಾವಿಗಳ ನೀರಿನ ಮಟ್ಟವನ್ನು ಪ್ರೌಢಶಾಲೆಯ ಮಕ್ಕಳು ತಿಂಗಳಿಗೊಮ್ಮೆ ಅಳೆದು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದಾರೆ.